ಭಾವನ ಟ್ರ್ಯಾಕ್ಟರಿಗೆ ಹಿಡಿದಿದ್ದ ಕಾಯಿಲೆ

ಭಾವನವರಿಗೆ, ನಿಮ್ಮ ಹೆಂಡತಿಯ ತಮ್ಮ ಸಿದ್ದರಾಮನ ನಮಸ್ಕಾರ.

ಕಾಗದ ಅಂದಮೇಲೆ ಮೊದಲು ‘ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ’ ಅಂತ ಹಾಕಬೇಕಲ್ಲ, ಕೈ ತಾನೇ ಅಷ್ಟು ಬರೆದುಬಿಟ್ಟಿತ್ತು. ಓದಿಕೊಂಡು ಎರಡನೇ ಅರ್ಧ ಹೊಡೆದುಹಾಕಿದೆ. ಮೊದಲನೇ ಅರ್ಧವೂ ಪೂರ್ತಿ ನಿಜ ಅಲ್ಲ ಅನ್ನಿಸಿ ಅದನ್ನೂ ಹೊಡೆದುಹಾಕಿ, ಬೇರೆ ಹಾಳೆ ತಗೊಂಡೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಚೀಲಗಳ ಮಧ್ಯೆ ಕೂತು ಬರೀತಾ ಇದ್ದೀನಿ. ವ್ಯಾಪಾರ ಮುಗಿದು ಹಮಾಲರು ಚೀಲದ ಮೇಲೇ ಟವೆಲು ಮುಚ್ಚಿಕೊಂಡು ಮಲಗಿದ್ದಾರೆ. ನನಗೂ ಹಾಗೇ ಉರುಳಿಕೊಂಡುಬಿಡೋಣ ಅನ್ನಿಸ್ತದೆ. ನೀವು ಹೋದಮೇಲೆ ನನ್ನ ತಲೆಮೇಲೆ ಬಿದ್ದ ಕೆಲಸ ಎಷ್ಟೋ. ಅದರಲ್ಲಿ ನಿಮ್ಮ ಟ್ರ್ಯಾಕ್ಟರಿನಷ್ಟು ನನ್ನನ್ನು ಸುಸ್ತು ಮಾಡಿದ್ದು ಇನ್ನೊಂದಿಲ್ಲ. ಅದರ ಸಮಾಚಾರ ನಿಮಗಲ್ಲದೆ ಇನ್ಯಾರಿಗೆ ತಿಳಿಸಲಿ?

ಆ ಗಾಡಿ ಶೆಟ್ಟಿಕೆರೆಯ ನಿಮ್ಮ ಅಂಗಳಕ್ಕೆ ಬಂದ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಎತ್ತಿನ ಜೋಡಿ ಮಾರಿ ಇನ್ನೂ ವಾರವಾಗಿರಲಿಲ್ಲ, ಕೊಟ್ಟಿಗೆಯಲ್ಲಿ ಸಗಣಿ ವಾಸನೆ ಹಾಗೇ ಇತ್ತು. ನಿಮ್ಮಣ್ಣ, ನಮ್ಮ ದೊಡ್ಡ ಭಾವ, ಕೈ ಹಿಂದಕ್ಕೆ ಕಟ್ಟಿಕೊಂಡು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದರು. ಸಂತೆಯಲ್ಲಿ ದನ ನೋಡುವ ಹಾಗೆ.

“ಎತ್ತು ಕೊಳ್ಳುವಾಗ ಸುಳಿ ನೋಡ್ತೀವಿ. ಇದಕ್ಕೇನು ನೋಡಿ ತಂದೆ ಕಣ್ಲಾ?”

“ಅಗಲ ನೋಡಿ ತಂದೆ ಕಣಣ್ಣ,” ಅಂದಿರಿ ನೀವು. “ಆ ದೊಡ್ಡ ಗಾಡಿಗಳು ತೆಂಗಿನ ಸಾಲಲ್ಲಿ ತಿರುಗಿದ್ರೆ ಬೇರು ಕಿತ್ಕೊಂಡೇ ತಿರುಗ್ತವೆ. ಇದು ನೋಡು, ಎರಡು ಮರದ ಮಧ್ಯೆ ಬುಗುರಿ ಹಂಗೆ ತಿರುಗ್ತದೆ.”

ಅಕ್ಕ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತು ನಗ್ತಾ ಇದ್ದಳು. ಎತ್ತು ಮಾರಿ ಅಂತ ನಿಮ್ಮ ಹಿಂದೆ ಬಿದ್ದವಳು ಅವಳೇ ಅಲ್ವಾ? ನೇಗಿಲು ಹಿಡಿದು ಹಿಡಿದು ನಿಮ್ಮ ಸೊಂಟ ಬಾಗಿದ್ದು ನೋಡಲಾರದೆ ಹೇಳಿದ್ದಳು. ಅದೇ ಮಾತು ಆಮೇಲೆ ಅವಳಿಗೆ ಎಷ್ಟು ಚುಚ್ಚಿತು ಅನ್ನೋದು ನಿಮಗೆ ಗೊತ್ತಿಲ್ಲ.

ನಿಮ್ಮ ಬೆಳಗಿನ ಪರೀಕ್ಷೆಯೂ ನೆನಪಾಗ್ತದೆ. ಅದನ್ನು ಇಲ್ಲೇ ಬರೆದಿಟ್ಟಿರ್ತೀನಿ, ಮುಂದೆ ಬೇಕಾಗ್ತದೆ. ಮದುವೆಗೆ ಮುಂಚೆ ಹುಳಿಯಾರು ಕಡೆಯ ಸಾಹುಕಾರರೊಬ್ಬರ ಹಳೇ ಟ್ರ್ಯಾಕ್ಟರು ಓಡಿಸ್ತಿದ್ರಲ್ಲ, ಅಲ್ಲಿ ಕಲಿತ ವಿದ್ಯೆ ಅದು. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋದು, ಮುಂದಿನ ಲೈಟು ಹಾಕೋದು, ಎಂಜಿನ್ ಓಡ್ತಾ ಇರುವಾಗಲೇ ಸ್ಪ್ಯಾನರು ಹಾಕಿ ಬ್ಯಾಟರಿಯ ಒಂದು ತಂತಿ ಕಳಚಿಬಿಡೋದು. ತಂತಿ ಕಳಚಿದರೂ ಲೈಟು ಉರೀತಾ ಇದ್ದರೆ ಚಾರ್ಜು ಸರಿಯಾಗಿದೆ ಅಂತ ಅರ್ಥ.

“ನೋಡಯ್ಯಾ ಮಂಡಿ ಸಾಹುಕಾರ,” ಅಂತ ನನ್ನನ್ನು ಕರೆದು ತೋರಿಸಿದ್ರಿ. “ಬ್ಯಾಟರಿಯ ಹಂಗು ಬೇಕಿಲ್ಲ ಇದಕ್ಕೆ. ತನ್ನ ಅನ್ನ ತಾನೇ ದುಡ್ಕೊಂಡು ತಿಂತಾ ಐತೆ. ನಿನ್ನ ಥರಾನೇ!”

ನಾನು ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬೇರೆಯವರ ಮಂಡಿಯಲ್ಲಿ ಕಸ ಗುಡಿಸಿ ಮೇಲೆ ಬಂದವನು ಅಂತ ಆ ಹೊಗಳಿಕೆ. ನನಗೂ ಹಿಗ್ಗಾಯ್ತು. ನಿಮ್ಮ ಡ್ರೈವರು ರಂಗಣ್ಣ ದೇವಸ್ಥಾನದಲ್ಲಿ ನಿಂತವನ ಹಾಗೆ ನಿಂತು ನೋಡ್ತಿದ್ದ.

ನೀವು ಹೋದ ಬೆಳಗ್ಗೆ ನಾನು ಅಲ್ಲಿರಲಿಲ್ಲ. ಅಕ್ಕ ತುಂಡು ತುಂಡಾಗಿ ಹೇಳಿದ್ದನ್ನು ನಾನೇ ಜೋಡಿಸಿಕೊಂಡಿದ್ದೀನಿ. ಬೆಳಕು ಹರಿಯೋ ಹೊತ್ತಿಗೆ ಎದೆ ಹಿಡ್ಕೊಂಡು ಎದ್ರಂತೆ. ಗ್ಯಾಸು ಅಂದ್ರಂತೆ. ಅಕ್ಕ ಜೀರಿಗೆ ನೀರು ಕಾಸೋದರೊಳಗೆ ನಿಮ್ಮ ಬನೀನು ಬೆವರಲ್ಲಿ ನೆಂದುಹೋಗಿತ್ತಂತೆ. ರಂಗಣ್ಣನ್ನ ಕೂಗಿದ್ರೆ ಅವನು ಬರೋವರೆಗೂ ಕಾಯದೆ ನೀವೇ ಹೋಗಿ ಟ್ರ್ಯಾಕ್ಟರು ಹತ್ತಿದ್ರಿ. ಟ್ರೈಲರು ಹಾಕ್ಕೊಂಡು ಚಿಕ್ಕನಾಯಕನಹಳ್ಳಿ ಆಸ್ಪತ್ರೆಗೆ ಹೋಗೋದು ಅಂತ ಲೆಕ್ಕ. ಕೀಲಿ ತಿರುಗಿಸಿದ್ರೆ ಒಂದು ಸಲ ‘ಕಟ್’ ಅಂತು, ಅಷ್ಟೇ. ಸ್ಟೇರಿಂಗಿನ ಮುಂದಿರೋ ಚಾರ್ಜಿನ ಕೆಂಪು ದೀಪ ಕೂಡ ಮಂಕಾಗಿ ಆರಿಹೋಯ್ತು.

ತಳ್ಳಿದ್ರು. ಅಕ್ಕಪಕ್ಕದವರೆಲ್ಲ ಬಂದು ತಳ್ಳಿದ್ರು. ನಿಮ್ಮ ಅಂಗಳ ರಸ್ತೆಗಿಂತ ತಗ್ಗು. ಅಂಚಿನ ಕಲ್ಲಿನವರೆಗೆ ಏರೋದು, ವಾಪಸ್ ಜಾರೋದು. ಯಾರೋ ಅಂದ್ರಂತೆ, “ಎತ್ತು ಇದ್ದಿದ್ರೆ ಎಳೆಸಬಹುದಿತ್ತು.” ಅಂದವರು ಮರೆತರು. ಅಕ್ಕ ಮರೆಯಲಿಲ್ಲ.

ಕೊನೆಗೆ ಮೊದಲನೇ ಬಸ್ಸಿಗೆ ಹತ್ತಿಸಿದ್ರು. ಬಸ್ಸಲ್ಲಿ ಅವಳ ಹೆಗಲ ಮೇಲೆ ತಲೆ ಇಟ್ಟು, “ಬ್ಯಾಟರೀನ ಸಂಜೆ ಚಾರ್ಜಿಗೆ ಕೊಡಬೇಕು ಕಣೇ, ಮರೀಬೇಡ” ಅಂದ್ರಂತೆ. ಮಕ್ಕಳಿಲ್ಲದ ಮನೆ, ಹೇಳಿಹೋಗಕ್ಕೆ ಬೇರೆ ಏನಾದ್ರೂ ಇತ್ತೋ ಏನೋ. ನೀವು ಹೇಳಿದ್ದು ಅದೊಂದೇ. ಆಸ್ಪತ್ರೆಯ ಗೇಟು ಕಾಣೋ ಹೊತ್ತಿಗೆ...

ಸುದ್ದಿ ತಿಳಿದು ತಿಪಟೂರಿಂದ ಓಡಿಬಂದವನು ಆಸ್ಪತ್ರೆಯಲ್ಲಿ ಡಾಕ್ಟರನ್ನ ಪಕ್ಕಕ್ಕೆ ಕರೆದು ಕೇಳಿದೆ: “ಸ್ವಲ್ಪ ಮುಂಚೆ ತಂದಿದ್ರೆ?” ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಹೇಳೋಕಾಗಲ್ಲ ಕಣ್ರೀ,” ಅಂದ್ರು. ಉಳೀತಿದ್ರು ಅಂದಿದ್ರೂ, ಉಳೀತಿರಲಿಲ್ಲ ಅಂದಿದ್ರೂ ಮನಸ್ಸು ಒಂದು ಕಡೆ ಕೂರ್ತಿತ್ತು. ಹೇಳೋಕಾಗಲ್ಲ ಅನ್ನೋದನ್ನ ಎಲ್ಲಿ ಬರೆದುಕೊಳ್ಳಲಿ ಭಾವ? ಜಮೆಗೋ, ಖರ್ಚಿಗೋ?

ನಿಮ್ಮನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿ, ಮಾಡಬೇಕಾದ್ದೆಲ್ಲ ಮಾಡಿ, ನೆಂಟರು ಹೋದಮೇಲೆ ದೊಡ್ಡ ಭಾವ ಜಗಲಿಯಲ್ಲಿ ಕೂತು ಶುರುಮಾಡಿದ್ರು. “ಆ ಗಾಡಿ ಕಾಲ್ಗುಣ ಸರಿಯಿಲ್ಲ. ಬಂದು ವರ್ಷ ತುಂಬಲಿಲ್ಲ, ತಂದೋನ್ನೇ ತಗೊಂಡುಹೋಯ್ತು.” ಕಾಲ್ಗುಣ ಅಂದಾಗೆಲ್ಲ ಅವರ ಕಣ್ಣು ಅಂಗಳದ ಕಡೆಗೆ ಹೋಗ್ತಿರಲಿಲ್ಲ, ಅಡಿಗೆಮನೆ ಬಾಗಿಲಿನ ಕಡೆಗೆ ಹೋಗ್ತಿತ್ತು. ಬಿಳಿಗೆರೆಯ ಮರಿಗೌಡರು ಅನ್ನೋರು ಆಗಲೇ ಎರಡು ಸಲ ಬಂದು ಗಾಡಿ ನೋಡಿಕೊಂಡು ಹೋಗಿದ್ರು. ಕೇಳಿದ ಬೆಲೆ ಹಳೇ ಕಬ್ಬಿಣದವರು ಕೇಳೋ ಹಾಗಿತ್ತು. “ಸಾವಿನ ಮನೆ ಗಾಡಿ, ಇಷ್ಟು ಕೊಡೋದೇ ಹೆಚ್ಚು,” ಅನ್ನೋ ಧಾಟಿ.

ನಿಜ ಹೇಳ್ತೀನಿ, ಕೊಟ್ಟುಬಿಡೋಣ ಅಂತ ನಾನೂ ಅಂದೆ. ನಷ್ಟ ಅಂತ ಗೊತ್ತಿದ್ದೂ ಅಂದೆ. ಕೆಲವು ಸಾಮಾನು ಮನೆಯಿಂದ ಹೋದರೇ ಲಾಭ.

ಅಕ್ಕ ಮೊರದಲ್ಲಿ ರಾಗಿ ಕೇರ್ತಾ ಇದ್ದವಳು ಕೈ ನಿಲ್ಲಿಸಿದಳು. “ನನಗೆ ಒಂದು ತಿಳೀಬೇಕು ಸಿದ್ದರಾಮ. ಅವತ್ತು ಅದು ಯಾಕೆ ಸ್ಟಾರ್ಟ್ ಆಗಲಿಲ್ಲ? ಎತ್ತು ಮಾರ್ಸಿದೋಳು ನಾನು. ಅದು ತಿಳಿಯೋವರೆಗೂ ಆ ಗಾಡಿ ಈ ಅಂಗಳ ದಾಟಬಾರದು. ತಿಳಿದಮೇಲೆ ಇಟ್ಕೊಳ್ಳೋದೋ ಮಾರೋದೋ ನಾನೇ ಹೇಳ್ತೀನಿ.”

“ತಿಳಿದು ಏನಾಗಬೇಕಕ್ಕಾ?”

“ನಿದ್ದೆ ಬರ್ತದೆ,” ಅಂದಳು.

ಅಲ್ಲಿಂದ ಶುರುವಾಯ್ತು ನನ್ನ ತಿರುಗಾಟ. ನಾನು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಬಲ್ಲೆ. ಟ್ರ್ಯಾಕ್ಟರನ್ನ ಯಾವ ಕಿವಿ ಹತ್ತಿರ ಅಲ್ಲಾಡಿಸಲಿ? ಮೊದಲು ನಿಮ್ಮ ಕೊನೇ ಮಾತಿನ ಪ್ರಕಾರ ಬ್ಯಾಟರಿ ಬಿಚ್ಚಿ ಬಸ್ಸಿನ ಮೇಲೆ ಹಾಕಿಕೊಂಡು ತಿಪಟೂರಿಗೆ ತಂದು ಚಾರ್ಜಿಗೆ ಕೊಟ್ಟೆ. ವಾಪಸ್ ಹಾಕಿದ್ರೆ ಸ್ಟಾರ್ಟಾಯ್ತು. ರಂಗಣ್ಣ ಒಂದು ತೋಟ ಉತ್ತುಬಂದ. ಮಾರನೇ ಬೆಳಗ್ಗೆ ‘ಕಟ್’. ಮತ್ತೆ ಬಸ್ಸು, ಮತ್ತೆ ಚಾರ್ಜು, ಮತ್ತೆ ‘ಕಟ್’. ಬಸ್ಸಿನ ಕಂಡಕ್ಟರು ಬ್ಯಾಟರಿ ನೋಡಿದ ತಕ್ಷಣ, “ಏನ್ ಸಾಹುಕಾರ್ರೆ, ನಿಮ್ಮ ನೆಂಟರು ಮತ್ತೆ ಊರಿಗೆ ಹೊರಟ್ರಾ?” ಅನ್ನೋಕೆ ಶುರುಮಾಡಿದ.

ಆಗ ಹಿಡಿದದ್ದು ಗಫಾರ್ ಸಾಬ್ರನ್ನ. ನಮ್ಮ ಮಂಡಿ ಹಿಂದಿನ ಬೀದಿಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಕರೆಂಟು ಕೆಲಸ ಮಾಡೋರು. ಕೈಯಿಗಿಂತ ಬಾಯಿ ಜೋರು. ಬ್ಯಾಟರಿ ನೋಡಿ, ಗಾಡಿ ನೋಡದೇನೇ ತೀರ್ಪು ಕೊಟ್ರು: “ಬ್ಯಾಟರಿ ಸತ್ತಿದೆ ಸಾಹುಕಾರ್ರೆ. ಬರೆದು ಕೊಡ್ತೀನಿ ಬೇಕಾದ್ರೆ.” ಹೊಸ ಬ್ಯಾಟರಿ ತಂದೆ. ಒಂದು ವಾರದೊಳಗೆ ಹೊಸದೂ ‘ಕಟ್’. “ಬರೆದು ಕೊಡ್ತೀನಿ ಅಂದ್ರಲ್ಲ, ಕೊಡಿ ಈಗ,” ಅಂತ ಕೂತೆ. ಮುಖ ಕೆಂಪಗೆ ಮಾಡಿಕೊಂಡು, “ಗಾಡೀನೇ ತನ್ನಿ ಇಲ್ಲಿಗೆ. ಪೇಷಂಟನ್ನ ಮನೇಲಿ ಬಿಟ್ಟು ಉಗುರು ತಂದು ತೋರಿಸಿದ್ರೆ ನಾನೇನು ಮಾಡಲಿ?” ಅಂತ ನನ್ನ ಮೇಲೇ ರೇಗಿದ್ರು.

ರಂಗಣ್ಣ ಗಾಡಿ ತಂದ ದಿನ ಗಫಾರ್ ಸಾಬ್ರು ಹೆಬ್ಬೆರಳಿಂದ ಬೆಲ್ಟು ಒತ್ತಿ ನೋಡಿದ್ರು. ಸಡಿಲವಾಗಿತ್ತು, ಬಿಗಿ ಮಾಡಿದ್ರು. ತಂತಿಗಳ ತುದಿ ಉಜ್ಜಿದ್ರು. ಆಮೇಲೆ ಬ್ಯಾಟರಿಗೆ ಮೀಟರು ಹಿಡಿದ್ರು. ಎಂಜಿನ್ ನಿಂತಿರುವಾಗ ಮುಳ್ಳು ಹನ್ನೆರಡರ ಹತ್ತಿರ ಇತ್ತು. “ಈಗ ಓಡಿಸು,” ಅಂದ್ರು. ಓಡಿಸಿದ. ಮುಳ್ಳು ಮೇಲೆ ಏರಬೇಕಂತೆ, ಹದಿನಾಲ್ಕರ ಹತ್ತಿರಕ್ಕೆ. ಅದು ಎಮ್ಮೆ ಹಾಗೆ ಅಲ್ಲೇ ಮಲಗಿತ್ತು. ಚಾರ್ಜಾಗ್ತಾ ಇದ್ರೆ ಆರಬೇಕಾದ ಕೆಂಪು ದೀಪವೂ ಆರಲಿಲ್ಲ.

“ಬ್ಯಾಟರೀದಲ್ಲ. ಆಲ್ಟರ್ನೇಟರು ಹೋಗಿದೆ,” ಅಂದ್ರು. ಬೆಲ್ಟಿನ ಜೊತೆ ತಿರುಗಿ ಕರೆಂಟು ಮಾಡಿ ಬ್ಯಾಟರಿ ತುಂಬಿಸೋ ಆ ಗುಂಡನೆ ಸಾಮಾನು. ಬಿಚ್ಚಿ ತೋರಿಸಿದ್ರು. ಒಳಗೆ ಡಯೋಡು ಅಂತ ಗುಂಡಿಯಷ್ಟಗಲದ್ದು, ಒಂದು ಸುಟ್ಟು ಕಪ್ಪಾಗಿತ್ತು. “ನಿಮ್ಮ ಬಾವಿ ಪಂಪಿನ ಫುಟ್‌ವಾಲ್ವ್ ಗೊತ್ತಲ್ಲ? ಅದು ಕೆಟ್ಟರೆ ಪೈಪಿನ ನೀರು ವಾಪಸ್ ಬಾವಿಗೆ ಇಳಿದುಹೋಗ್ತದೆ. ಇದೂ ಹಂಗೇ. ಹಗಲೆಲ್ಲ ಸರಿಯಾಗಿ ತುಂಬಲ್ಲ, ಗಾಡಿ ನಿಂತಾಗ ಇದ್ದದ್ದೂ ಸೋರಿ ಹೋಗ್ತದೆ. ಬೆಳಗ್ಗೆ ನೋಡಿದ್ರೆ ಬ್ಯಾಟರಿ ಖಾಲಿ.”

ಬೆಳಗ್ಗೆ ನೋಡಿದ್ರೆ ಖಾಲಿ. ನಾನು ಆ ಕಪ್ಪಾದ ಗುಂಡಿಯನ್ನೇ ನೋಡ್ತಾ ನಿಂತೆ ಭಾವ. ಅವರು ತಮ್ಮ ಜಾಣತನಕ್ಕೆ ನಾನು ಬೆರಗಾದೆ ಅಂದುಕೊಂಡ್ರು.

ಹೊಸ ಆಲ್ಟರ್ನೇಟರಿಗೆ ಬೆಂಗಳೂರಿಗೆ ಹೋಗಿದ್ದೆ. ರೈಲಿನಲ್ಲಿ ವಾಪಸ್ ಬರುವಾಗ ಟವೆಲಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಎದುರಿಗೆ ಕೂತ ಹೆಂಗಸು ಭಕ್ತಿಯಿಂದ, “ಏನ್ರೀ ಅದು, ದೇವರಾ?” ಅಂದಳು. “ಹೂಂ ಕಣಮ್ಮ, ಇವರು ಒಲಿದ್ರೆ ನಮ್ಮಕ್ಕನ ಮನೆ ಬೆಳಕಾಗ್ತದೆ,” ಅಂದೆ. ಅವಳು ಕೈ ಮುಗಿದಳು. ನಗು ಬರಬೇಕಿತ್ತು. ಬರಲಿಲ್ಲ.

ಗಫಾರ್ ಸಾಬ್ರು ಎಂಜಿನ್ ನಿಲ್ಲಿಸಿ, ಮೊದಲು ಬ್ಯಾಟರಿಯ ಮೈನಸ್ ತಂತಿ ಕಳಚಿ ಪಕ್ಕಕ್ಕೆ ಇಟ್ರು. ಆಮೇಲೆ ಹಳೇದರ ತಂತಿಗಳನ್ನ ಒಂದೊಂದೇ ಗುರುತು ಮಾಡಿ ಬಿಚ್ಚಿದ್ರು. ಬೆಲ್ಟು ಇಳಿಸಿ, ಬೋಲ್ಟು ಬಿಚ್ಚಿ ಹಳೇದು ತೆಗೆದು, ಹೊಸದನ್ನ ಅದೇ ಜಾಗದಲ್ಲಿ ಕೂರಿಸಿದ್ರು. ಬೆಲ್ಟು ಸೊಟ್ಟ ಓಡಬಾರದು ಅಂತ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡೋ ಹಾಗೆ ನೋಡಿದ್ರು. ಎಲ್ಲಕ್ಕಿಂತ ಕೊನೆಗೆ ಮೈನಸ್ ತಂತಿ. ರಂಗಣ್ಣ ಪಕ್ಕದಲ್ಲಿ ನಿಂತು ತಲೆದೂಗಿದ: “ನಮ್ಮ ಯಜಮಾನ್ರೂ ಮೊದಲು ಆ ತಂತೀನೇ ಬಿಚ್ತಾ ಇದ್ರು.” ಗಫಾರ್ ಸಾಬ್ರು ಒಳ್ಳೆ ಶಿಷ್ಯ ಸಿಕ್ಕ ಅಂತ ನಕ್ರು. ಆ ಮಾತಲ್ಲಿ ಏನಿತ್ತು ಅನ್ನೋದು ಅವರಿಗೂ ಹೊಳೀಲಿಲ್ಲ, ನನಗೆ ಹೊಳೆಯೋದು ಎಲ್ಲಿಂದ ಬಂತು?

ಸ್ಟಾರ್ಟ್ ಮಾಡಿದ್ರೆ ಕೆಂಪು ದೀಪ ಆರ್ತು, ಮುಳ್ಳು ಏರ್ತು. ಅಕ್ಕನಿಗೆ ಹೇಳಿದೆ, “ಇಂಥದ್ದೊಂದು ಸಾಮಾನು ಸುಟ್ಟಿತ್ತು. ಅದೇ ಕಾರಣ.” ಅವಳು ಕೇಳಿದ್ದು ಒಂದೇ: “ಅದು ಯಾಕೆ ಸುಟ್ಟಿತು?” ಮಿಷನ್ನು ಅಂದಮೇಲೆ ಸುಡ್ತದೆ ಅಂದೆ. ಅವಳು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ತಿಂಗಳೊಪ್ಪತ್ತು ಕೂಡ ಆಗಿರಲಿಲ್ಲ, ರಂಗಣ್ಣ ಮಂಡಿ ಬಾಗಿಲಲ್ಲಿ ಬಂದು ನಿಂತ. ಮುಖ ನೋಡಿಯೇ ತಿಳೀತು. ಮತ್ತೆ ಕೆಂಪು ದೀಪ ಉರೀತಿತ್ತು, ಮತ್ತೆ ಬೆಳಗ್ಗೆ ‘ಕಟ್’.

ಅವತ್ತು ನಾನು ಸೋತುಹೋದೆ ಭಾವ. ಚೀಲದ ಮೇಲೆ ಕೂತು, ಇದಕ್ಕಿನ್ನು ನನ್ನ ಕೈಲಾಗಲ್ಲ ಅಂದುಕೊಂಡೆ. ಶೆಟ್ಟಿಕೆರೆಯಲ್ಲಿ ದೊಡ್ಡ ಭಾವ ಗೆದ್ದವರ ಹಾಗೆ, “ನಾ ಬಡ್ಕೊಳ್ಳಲಿಲ್ವಾ? ಹೊಸ ಹೊಟ್ಟೆ ಇಟ್ರೂ ಹಳೇ ದೆವ್ವಾನೇ ಅದು. ಮರಿಗೌಡನಿಗೆ ಹೇಳಿಕಳಿಸಿದೀನಿ, ಬತ್ತಾನೆ,” ಅಂದ್ರು. ಅಕ್ಕ ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.

ಗಫಾರ್ ಸಾಬ್ರಿಗೆ ಮಾತ್ರ ಅವಮಾನ ಆಗಿತ್ತು. “ನಾನು ಹಾಕಿದ್ದು ಸುಡೋದು ಅಂದ್ರೇನು? ನೀವು ಅದಕ್ಕೆ ಏನೋ ಮಾಡ್ತಾ ಇದ್ದೀರಿ. ನಾನೇ ಬತ್ತೀನಿ, ನನ್ನ ಕಣ್ಣ ಮುಂದೆ ಓಡಿಸಿ,” ಅಂತ ಪುಟ್ಟ ಪೆಟ್ಟಿಗೆ ಹಿಡ್ಕೊಂಡು ಬಸ್ಸು ಹತ್ತಿದ್ರು. ಬೆಂಗಳೂರಿಗೆ ಹೋಗೋದು ಬೇಡ, ಒಳಗಿನ ಡಯೋಡು ಬದಲಾಯಿಸಿದ್ರೆ ಸಾಕು ಅಂತ ಅಂಗಳದಲ್ಲೇ ಗೋಣಿ ಹಾಸಿ ಕೂತು ಬಿಚ್ಚಿ, ಬೆಸುಗೆ ಹಾಕಿ, ಜೋಡಿಸಿದ್ರು. ಗಾಡಿ ಸ್ಟಾರ್ಟಾಯ್ತು, ದೀಪ ಆರ್ತು. ಮರಿಗೌಡರೂ ಬಂದು ಜಗಲಿ ಮೇಲೆ ಎಲೆಅಡಿಕೆ ಹಾಕ್ಕೊಳ್ತಾ ಕೂತಿದ್ರು. ದೊಡ್ಡ ಭಾವ ಅವರ ಪಕ್ಕದಲ್ಲಿ.

“ಸರಿ, ಈಗ ನೀನು ದಿನಾ ಬೆಳಗ್ಗೆ ಏನು ಮಾಡ್ತೀಯೋ ಅದನ್ನೇ ಮಾಡು,” ಅಂದ್ರು ಗಫಾರ್ ಸಾಬ್ರು ರಂಗಣ್ಣನಿಗೆ.

ರಂಗಣ್ಣ ಹಣೆಗೆ ಕೈ ಮುಟ್ಟಿಸಿ ಮುಗಿದು, ಮುಂದಿನ ಲೈಟು ಹಾಕಿದ. ಎಂಜಿನ್ ಓಡ್ತಾನೇ ಇತ್ತು. ಸೊಂಟದಿಂದ ಸ್ಪ್ಯಾನರು ತೆಗೆದು ಬ್ಯಾಟರಿ ಹತ್ತಿರ ಬಗ್ಗಿದ.

“ಏಯ್! ಏಯ್! ಕೈ ತೆಗಿ! ತೌಬಾ, ತೌಬಾ! ಕೈ ತೆಗಿಯೋ!” ಗಫಾರ್ ಸಾಬ್ರು ಓಡಿಹೋಗಿ ಅವನ ಮಣಿಕಟ್ಟು ಹಿಡ್ಕೊಂಡ್ರು. ಸ್ಪ್ಯಾನರು ಕೆಳಗೆ ಬಿತ್ತು. “ಓಡೋ ಗಾಡೀಲಿ ಬ್ಯಾಟರಿ ಬಿಚ್ತೀಯಾ? ಅದಕ್ಕೇ ಸುಡ್ತಾ ಇರೋದು! ಡೈನಮೋ ಇದ್ದ ಹಳೇ ಗಾಡೀಲಿ ಹೆಂಗೋ ನಡೀತಿತ್ತು. ಇದು ಆಲ್ಟರ್ನೇಟರು ಕಣಯ್ಯ. ಬ್ಯಾಟರಿ ಬಿಚ್ಚಿದ್ರೆ ಅದು ಮಾಡಿದ ಕರೆಂಟು ಹೋಗೋದೆಲ್ಲಿಗೆ? ಒಂದೇ ಸಲ ಉಕ್ಕಿ ಒಳಗಿನ ಡಯೋಡನ್ನೇ ಒಡೀತದೆ. ಒಂದು ದಿನ ತಡೀತದೆ, ಹತ್ತು ದಿನ ತಡೀತದೆ, ಒಂದು ದಿನ ಫಟ್! ಯಾವ ಗಾಂಪ ಹೇಳಿಕೊಟ್ಟ ನಿನಗೆ ಇದನ್ನ?”

ರಂಗಣ್ಣ ಮಣಿಕಟ್ಟು ಉಜ್ಜಿಕೊಂಡು ಮೆಲ್ಲಗೆ ಅಂದ, “ನಮ್ಮ ಯಜಮಾನ್ರು.”

ಮರಿಗೌಡರು ಎಲೆ ಅಗಿಯೋದು ನಿಲ್ಲಿಸಿದ್ರು. ಬಾಗಿಲು ಯಾವಾಗ ತೆರೆದಿತ್ತೋ, ಅಕ್ಕ ಹೊಸಿಲ ಮೇಲೆ ನಿಂತಿದ್ದಳು. ನಾನು ನಿಮ್ಮ ಬೆಳಗಿನ ಪರೀಕ್ಷೆ ಎಷ್ಟು ಸಲ ನೋಡಿದ್ದೀನಿ, ನೋಡಿ ಎಷ್ಟು ಸಲ ಭೇಷ್ ಅಂದಿದ್ದೀನಿ. ಅವಳೂ ಅಂದಿದ್ದಾಳೆ. ಅವಳು ಎಂಜಿನ್ ನಿಲ್ಲಿಸು ಅಂದಳು. ರಂಗಣ್ಣ ನಿಲ್ಲಿಸಿದ.

“ಅವತ್ತಿನ ಹಿಂದಿನ ದಿನಾನೂ ಅವರು ಹಿಂಗೇ ಮಾಡಿದ್ರಾ ರಂಗಣ್ಣ?”

“ಮಾಡಿದ್ರು ಅಮ್ಮ.” ರಂಗಣ್ಣನಿಗೆ ಅಳು ಬಂದುಬಿಟ್ಟಿತ್ತು. “ಅವತ್ತು ಲೈಟು ಭಗ್ಗಂತ ಉರೀತು. ಯಾವತ್ತೂ ಅಷ್ಟು ಜೋರಾಗಿ ಉರಿದಿರಲಿಲ್ಲ. ಯಜಮಾನ್ರು ಚಪ್ಪಾಳೆ ಹೊಡೆದು ನಕ್ರು.”

ಆ ಬೆಳಕೇ ಅದು ಸುಟ್ಟುಹೋದ ಬೆಳಕು. ಗಫಾರ್ ಸಾಬ್ರಿಗೆ ಆಗ ಅರ್ಥ ಆಯ್ತು ಯಾರ ಮನೆಯಲ್ಲಿ ಏನು ಹೇಳಿಬಿಟ್ಟೆ ಅಂತ. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು, “ಅಮ್ಮಾ, ಮಿಷನ್ ಅಂದ್ಮೇಲೆ ನೂರು ಕಾರಣ ಇರ್ತವೆ. ಇದೇ ಅಂತ ಹೆಂಗೆ ಹೇಳೋದು...” ಅಂದ್ರು.

“ಇಷ್ಟೊತ್ತು ಇದೊಂದೇ ಕಾರಣ ಅಂತ ಕೂಗಾಡಿದ್ರಲ್ಲ ಸಾಬ್ರೆ. ಅದೇ ಇರಲಿ.”

ದೊಡ್ಡ ಭಾವ ಜಗಲಿಯಿಂದ ಇಳಿದು ಬಂದ್ರು. “ನನ್ನ ತಮ್ಮನಿಗೆ ಗಾಡಿ ತಿಳೀತಿರಲಿಲ್ಲ ಅಂತೀರಾ? ಹುಳಿಯಾರು ಸಾಹುಕಾರ್ರ ಗಾಡಿ ಓಡಿಸಿದ ಕೈ ಅದು! ಈ ಗಾಡೀದೇ ದೋಷ, ನಾನು ಮೊದಲಿಂದ್ಲೂ...”

“ಬುಡಿ ಭಾವನೋರೆ,” ಅಂದಳು ಅಕ್ಕ. ಅವರ ಎದುರಿಗೆ ಅವಳು ದನಿ ಎತ್ತಿದ್ದು ನಾನು ಕಂಡಿರಲಿಲ್ಲ. ಅವತ್ತೂ ಎತ್ತಲಿಲ್ಲ. “ಇಷ್ಟು ದಿನ ಕಾಲ್ಗುಣ ಅಂದ್ರಿ. ಅನ್ನುವಾಗ ನೋಡಿದ್ದು ಯಾರ ಕಡೆಗೆ ಅಂತ ನನಗೂ ಕಣ್ಣಿದೆ. ಈಗ ಏನಾಯ್ತು ಅಂತ ನಿಮ್ಮ ಎದುರಿಗೇ ತಿಳೀತು. ಗಾಡಿ ಏನೂ ಮಾಡಿಲ್ಲ. ನಾನೂ ಏನೂ ಮಾಡಿಲ್ಲ.” ಮರಿಗೌಡರಿಗೆ ಕೈ ಮುಗಿದು, “ಇದನ್ನ ಮಾರೋದಿಲ್ಲ, ಕಾಫಿ ಕುಡ್ಕೊಂಡು ಹೋಗಿ,” ಅಂದಳು.

ಮರಿಗೌಡರು ಒಳ್ಳೆ ವ್ಯಾಪಾರಸ್ಥ. “ಈಗ ರೋಗ ತಿಳೀತಲ್ಲ ತಾಯಿ, ಬೆಲೆ ಬೇರೆ ಮಾತಾಡಬಹುದು,” ಅಂದ್ರು. “ಕಾಫಿಗೆ ಬೆಲ್ಲ ಹಾಕ್ಲಾ, ಸಕ್ಕರೆ ಹಾಕ್ಲಾ?” ಅಂದಳು ಅಕ್ಕ.

ಎಲ್ಲರೂ ಹೋದಮೇಲೆ ಅವಳು ಹಿತ್ತಲ ಬಾಗಿಲಿಂದ ತೋಟಕ್ಕೆ ನಡೆದದ್ದು ನೋಡಿ ನನಗೆ ಗಾಬರಿಯಾಯ್ತು, ಹಿಂದೇನೇ ಹೋದೆ. ನಿಮ್ಮನ್ನು ಮಲಗಿಸಿದ ಜಾಗದಲ್ಲಿ ನಿಂತಿದ್ದಳು. ನಾನು ಮರದ ಮರೆಯಲ್ಲೇ ನಿಂತೆ. ಅವಳು ಬೈದಳು ಭಾವ. ನಿಮ್ಮನ್ನು ಅವಳು ಹಾಗೆ ಬೈದದ್ದು ನೀವೂ ಕೇಳಿರಲಿಕ್ಕಿಲ್ಲ.

“ಎಲ್ಲಾ ಗೊತ್ತು ಅನ್ಕೊಂಡು ಮೆರೀತಿದ್ರಿ. ತಂದಾಗ ಯಾರನ್ನಾದ್ರೂ ಒಂದು ಮಾತು ಕೇಳಿದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಚಪ್ಪಾಳೆ ಬೇರೆ ಹೊಡೆದ್ರಂತೆ. ಚಪ್ಪಾಳೆ! ನಾನು ಎತ್ತು ಮಾರ್ಸಿ ನಿಮ್ಮನ್ನ ಕಳ್ಕೊಂಡೆ ಅಂತ ದಿನಾ...” ಅಲ್ಲಿಗೆ ಮಾತು ನಿಂತು, ಅಳು ಬಂತು. ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ ಅವಳು. ಅವತ್ತು ಅತ್ತ ಹಾಗೆ ಅತ್ತದ್ದು ನಾನು ನಮ್ಮವ್ವ ತೀರಿಕೊಂಡಾಗಲೂ ನೋಡಿರಲಿಲ್ಲ. ಎದ್ದು ಬರುವಾಗ ನನ್ನನ್ನು ನೋಡಿದಳು. “ಬಾ, ಉಣ್ಣುವಂತೆ,” ಅಂದಳು, ಅಷ್ಟೇ.

ನನಗೆ ನಿಮ್ಮ ಮೇಲೆ ಸಿಟ್ಟು ಬರಬೇಕಾ ಭಾವ? ತೂಗಿ ನೋಡಿದೆ. ನಿಮಗೆ ಗೊತ್ತಿದ್ದ ವಿದ್ಯೆ ಹಳೇ ಗಾಡಿಗೆ ಸರಿಯಾಗಿತ್ತು. ಹೊಸದು ಬೇರೆ ಅಂತ ನಿಮಗೆ ಯಾರೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ನಾನಾದ್ರೂ ಕೇಳ್ತಿದ್ನಾ? ಬ್ಯಾಟರಿ ಸರಿಯಾಗಿದ್ದು, ಗಾಡಿ ಹೊರಟು, ಹೊತ್ತಿಗೆ ಮುಂಚೆ ಮುಟ್ಟಿದ್ದಿದ್ರೆ... ಹೇಳೋಕಾಗಲ್ಲ ಅಂದ್ರಲ್ಲ ಆ ಡಾಕ್ಟರು. ಅದನ್ನ ಅಲ್ಲಿಗೇ ಬಿಟ್ಟಿದ್ದೀನಿ. ಬಿಡೋಕೂ ಶಕ್ತಿ ಬೇಕು ಅಂತ ಈಗ ತಿ‍ಳೀತಾ ಇದೆ.

ಹೋದ ವಾರ ಶೆಟ್ಟಿಕೆರೆಯಲ್ಲಿ ಉಳಿದಿದ್ದೆ. ಆ ಸಮಾಚಾರ ತಿಳಿಸೋಕೇ ಈ ಕಾಗದ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ, ಟ್ರ್ಯಾಕ್ಟರು ಸ್ಟಾರ್ಟಾದ ಸದ್ದಿಗೆ ಎಚ್ಚರ ಆಯ್ತು. ರಂಗಣ್ಣ ಇಷ್ಟು ಬೇಗ ಯಾಕೆ ಬಂದ ಅಂತ ಹೊರಗೆ ಬಂದು ನೋಡಿದೆ. ಅಕ್ಕ ಸೀಟಿನ ಮೇಲೆ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು. ಗೇರು ಹಾಕಲಿಲ್ಲ, ಎಲ್ಲಿಗೂ ಹೋಗಲಿಲ್ಲ. ಕೆಂಪು ದೀಪ ಆರಿದ್ದು ನೋಡಿದಳು. ಸ್ವಲ್ಪ ಹೊತ್ತು ಎಂಜಿನ್ ಸದ್ದು ಕೇಳಿಸ್ಕೊಂಡು ಕೂತಳು. ಆಮೇಲೆ ನಿಲ್ಲಿಸಿ, ಇಳಿದು, ಕೈ ತೊಳೆದು, ಒಲೆ ಹಚ್ಚೋಕೆ ಹೋದಳು.

ಕಾಫಿ ಕೊಡುವಾಗ ಕೇಳಿದೆ, “ಎಲ್ಲಿಗೆ ಹೊರಟಿದ್ದೆ?”

“ಎಲ್ಲಿಗೂ ಇಲ್ಲ. ಸ್ಟಾರ್ಟ್ ಆಗ್ತದಾ ಅಂತ ನೋಡ್ದೆ.”

“ದಿನಾ ನೋಡ್ತೀಯಾ?”

“ದಿನಾ. ಅದೇ ಹೊತ್ತಿಗೆ.”

ಸುಮ್ಮನೆ ನಿಂತ ಗಾಡಿಗೆ ದಿನಾ ಡೀಸೆಲ್ ಸುಡೋದು ಅಂದ್ರೆ ವರ್ಷಕ್ಕೆ ಎಷ್ಟಾಗ್ತದೆ ಅಂತ ಬಾಯಿತನಕ ಬಂತು. ಕಾಫಿ ಜೊತೆ ನುಂಗಿಕೊಂಡೆ. ಬಸ್ ಸ್ಟ್ಯಾಂಡಿಗೆ ಬಂದು ನಿಂತಾಗಲೂ ಆ ಎಂಜಿನ್ ಸದ್ದು ಕಿವೀಲಿತ್ತು. ನೀವಿರೋ ತೋಟದ ಮೂಲೆಗೆ ಅದು ಚೆನ್ನಾಗಿ ಕೇಳಿಸ್ತದೆ, ಎಷ್ಟು ದೂರ ಅಂತ ನಾನು ನಡೆದು ನೋಡಿದ್ದೀನಿ.

ಡೀಸೆಲ್ ಮುಗಿಯದ ಹಾಗೆ ನಾನು ನೋಡ್ಕೊಳ್ತೀನಿ ಭಾವ. ಅದೊಂದು ನನಗೆ ಬಿಡಿ.

ನಿಮ್ಮ
ಸಿದ್ದರಾಮ